ಒಟ್ಟಿಗೆ ನಿಂತ ಮೋಟರುಗಳು

ಈ ನಾಲ್ಕು ವರ್ಷಗಳಲ್ಲಿ ನಾನು ದೇವರ ಪಟಕ್ಕಿಂತ ಹೆಚ್ಚು ಸಲ ನೋಡಿದ್ದು ಒಂದು ಮುಳ್ಳನ್ನು. ನಮ್ಮ ನಡುಮನೆಯಲ್ಲಿ, ಗೋಡೆಗೆ ತಾಗಿಸಿಟ್ಟ ಸ್ಟೂಲಿನ ಮೇಲೆ, ಹಳೆಯ ಕಾಲದ ಒಂದು ಬೂಸ್ಟರ್ ಇತ್ತು. ಕಬ್ಬಿಣದ ಡಬ್ಬ, ಅದರ ಮುಂದೆ ಗಾಜಿನೊಳಗೆ ವೋಲ್ಟೇಜ್ ತೋರಿಸುವ ಮುಳ್ಳು, ಕೆಳಗೆ ಕೈಯಲ್ಲಿ ತಿರುಗಿಸುವ ನಾಬ್. ವೋಲ್ಟೇಜ್ ಬಿದ್ದಾಗ ನಾಬನ್ನು ಏರಿಸಬೇಕು, ಸರಿಯಾದಾಗ ಇಳಿಸಬೇಕು. ಕೆಲಸ ಅಷ್ಟೇ. ಆದರೆ ಬೆಳಿಗ್ಗೆ ಹಲ್ಲುಜ್ಜುವ ಮೊದಲು, ತಿಂಡಿ ತಿನ್ನುತ್ತಾ, ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಹೊರಗೆ ಬರುತ್ತಾ, ಅದರ ಮುಖವನ್ನೇ ನೋಡಬೇಕಾಗಿ ಬಂದರೆ ಮನುಷ್ಯನಿಗೆ ಎಷ್ಟು ಸುಸ್ತಾಗುತ್ತದೆ ಎಂದು ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಆ ಬೂಸ್ಟರಿನಿಂದ ಹೊರಟ ವಯರು ನನ್ನ ಅಕ್ಕ ಉಸಿರಾಡುವ ಮಿಷನ್ನಿಗೆ ಹೋಗುತ್ತಿತ್ತು.

ನಾನು ಗೋಣಿಬೀಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಕೆಲಸ ಹಂಚುವುದು, ಪೈಪು, ಮೋಟರು, ಗೊಬ್ಬರ ಎಂದು ದಿನವಿಡೀ ಓಡಾಡುವುದು, ಚಿಕ್ಕಮಗಳೂರಿನಲ್ಲಿರುವ ಸಾಹುಕಾರರು ಫೋನ್ ಮಾಡಿದಾಗ "ಹೂಂ ಸರ್" ಎನ್ನುವುದು ನನ್ನ ಉದ್ಯೋಗ. ಎಸ್ಟೇಟಿನವರು ಕೊಟ್ಟ ಎರಡು ಕೋಣೆಯ ಮನೆಯಲ್ಲಿ ನಾನು ಮತ್ತು ಅಕ್ಕ ಇಬ್ಬರೇ. ನಾನು ಮದುವೆಯಾಗಲಿಲ್ಲ, ಅಕ್ಕನ ಗಂಡ ಬೇಗ ತೀರಿಕೊಂಡರು. ಅವಳು ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನ ಮೂಗು ಒರೆಸಿ, ಶಾಲೆಗೆ ಅಟ್ಟಿ, ಸುಳ್ಳು ಹೇಳಿದಾಗ ಸೌದೆ ಕಡ್ಡಿಯಲ್ಲಿ ಬಾರಿಸಿ ಬೆಳೆಸಿದವಳು ಅವಳೇ. ತೋಟದಲ್ಲಿ ನನ್ನ ಮಾತು ನಡೆದರೂ ಮನೆಯಲ್ಲಿ ನಡೆಯುತ್ತಿದ್ದುದು ಅವಳ ಮಾತು.

ಸಾಹುಕಾರರ ಬಂಗಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌದೆ ಒಲೆಯ ಮುಂದೆ ಕೂತವಳು ಅಕ್ಕ. ಕಾಫಿ ಗಿಡದ ಹಸಿ ಕಟ್ಟಿಗೆಯ ಹೊಗೆ ಅವಳ ಶ್ವಾಸಕೋಶವನ್ನು ತಿಂದು ಹಾಕಿತು. ಪರೀಕ್ಷೆ ಮಾಡಿದ ಡಾಕ್ಟರು ಸಂಕೋಚದಿಂದಲೇ "ಬೀಡಿ ಗೀಡಿ ಸೇದ್ತಿದ್ರಾ ಅಮ್ಮಾ?" ಎಂದು ಕೇಳಿದಾಗ ಅವಳು ಏದುಸಿರಿನಲ್ಲೂ ನಕ್ಕು, "ಸೇದಿದ್ರೆ ಅಷ್ಟಾದ್ರೂ ಸುಖ ಸಿಕ್ತಿತ್ತು ಡಾಕ್ಟ್ರೇ" ಎಂದಿದ್ದಳು. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಮಿಷನ್ ಬರೆದುಕೊಟ್ಟರು. ಮೂಗಿಗೆ ಸಣ್ಣ ನಳಿಗೆ ಸಿಕ್ಕಿಸಿಕೊಂಡು, ಹಗಲು ಮತ್ತು ಇರುಳಿನ ಬಹುಪಾಲು ಅದರ ಜೊತೆಗೇ ಇರಬೇಕು. ನಳಿಗೆ ಉದ್ದವಿದ್ದುದರಿಂದ ಅವಳು ಒಲೆಯ ತನಕ, ಅಂಗಳದ ಮೆಟ್ಟಿಲಿನ ತನಕ ಓಡಾಡುತ್ತಿದ್ದಳು. "ಕಟ್ಟಿ ಹಾಕಿದ ಕರು ಆಗಿಬಿಟ್ಟೆ ನೋಡು" ಎಂದು ಗೊಣಗುತ್ತಲೇ ನನಗೆ ದೋಸೆ ಹೊಯ್ದು ಕೊಡುತ್ತಿದ್ದಳು.

ಮಿಷನ್ ಬಂದಾಗ ಜೊತೆಗೆ ಒಂದು ಆಟೋಮ್ಯಾಟಿಕ್ ಸ್ಟೆಬಿಲೈಜರನ್ನೂ ತಂದಿದ್ದೆ. ಅದು ತುಂಬಾ ಶಿಸ್ತಿನ ಪ್ರಾಣಿ. ವೋಲ್ಟೇಜ್ ತೀರಾ ಕೆಳಗೆ ಬಂದರೆ ಟಕ್ ಎಂದು ಕರೆಂಟನ್ನೇ ಕಡಿದುಬಿಡುತ್ತಿತ್ತು. ಮಿಷನ್ ಸುರಕ್ಷಿತವಾಗಿರುತ್ತಿತ್ತು, ಅಕ್ಕನ ಉಸಿರು ಮಾತ್ರ ನಿಲ್ಲುತ್ತಿತ್ತು. ಫೆಬ್ರವರಿ ಬಂತೆಂದರೆ ನಮ್ಮ ಕಡೆ ವೋಲ್ಟೇಜ್ ಕೆಳಗಿರುವುದೇ ಹೆಚ್ಚು. ರೋಬಸ್ಟಾ ಕಾಫಿ ಗಿಡ ಹೂ ಬಿಡಬೇಕಾದರೆ ಆ ಹೊತ್ತಿಗೆ ನೀರು ಬೇಕು. ಮಳೆಗೆ ಕಾಯುವಷ್ಟು ಧೈರ್ಯ ಈಗ ಯಾರಿಗೂ ಇಲ್ಲ, ಎಲ್ಲರೂ ಸ್ಪ್ರಿಂಕ್ಲರ್ ಹೊಡೆಯುತ್ತಾರೆ. ಮೊದಲು ಡೀಸೆಲ್ ಎಂಜಿನ್ನುಗಳಿದ್ದವು, ಈಗ ಎಲ್ಲ ಕರೆಂಟ್ ಮೋಟರು. ನಮ್ಮ ಹಳ್ಳದ ಉದ್ದಕ್ಕೂ ಒಂದೇ ಲೈನಿನ ಮೇಲೆ ಐದು ಎಸ್ಟೇಟಿನ ಐದು ದೊಡ್ಡ ಮೋಟರುಗಳು ಒಟ್ಟಿಗೆ ಎದ್ದರೆ ಮನೆಯ ಬಲ್ಬು ಕೆಂಪಗೆ ಕಣ್ಣು ಬಿಡುತ್ತದೆ, ಫ್ಯಾನು ಲೆಕ್ಕ ಹಾಕಿಕೊಂಡು ತಿರುಗುತ್ತದೆ. ಮುಳ್ಳು ನೂರೈವತ್ತರ ಕೆಳಗೆ ಹೋಗಿ ಕೂರುತ್ತದೆ.

ಅದಕ್ಕೇ ನಾನು ಶಿಸ್ತಿನ ಪ್ರಾಣಿಯನ್ನು ಕಿತ್ತು ಮೂಲೆಗಿಟ್ಟು, ಬಂಗಲೆಯ ಅಟ್ಟದಲ್ಲಿ ಬಿದ್ದಿದ್ದ ಕೈನಾಬಿನ ಹಳೆಯ ಬೂಸ್ಟರನ್ನು ತಂದು ಕೂರಿಸಿದೆ. ಅದು ಏನನ್ನೂ ಕಡಿಯುವುದಿಲ್ಲ. ನೂರೈವತ್ತು ಬಂದರೆ ಇನ್ನೂರಿಪ್ಪತ್ತು ಮಾಡಿ ಕೊಡುತ್ತದೆ. ತೊಂದರೆ ಒಂದೇ. ನಾಬ್ ಮೇಲಿರುವಾಗ ಹೊರಗಿನ ಕರೆಂಟು ತಟ್ಟನೆ ಸರಿಹೋದರೆ ಅದಕ್ಕೆ ತಿಳಿಯುವುದಿಲ್ಲ. ಇನ್ನೂರೈವತ್ತು ಬಂದರೂ ಅದೇ ಲೆಕ್ಕದಲ್ಲಿ ಏರಿಸಿ ಮುನ್ನೂರ ಎಪ್ಪತ್ತು ಕಳಿಸುತ್ತದೆ. ಮೋಟರುಗಳು ಒಟ್ಟಿಗೆ ನಿಂತಾಗ ಆಗುವುದೂ ಅದೇ, ಅಷ್ಟು ಹೊತ್ತು ಅವು ಕುಡಿಯುತ್ತಿದ್ದ ವೋಲ್ಟೇಜು ಒಮ್ಮೆಲೇ ಮನೆಗಳಿಗೆ ನುಗ್ಗುತ್ತದೆ. ಮೊದಲ ವರ್ಷ ಹಾಗೆ ಎರಡು ಬಲ್ಬು ಪಟ್ ಎಂದು ಹೋದಾಗ ನನಗೆ ಬುದ್ಧಿ ಬಂತು.

ನಮ್ಮದು ಬಿಟ್ಟು ಉಳಿದ ನಾಲ್ಕೂ ಎಸ್ಟೇಟುಗಳ ಮೋಟರ್ ನೋಡಿಕೊಳ್ಳುವವರ ಹತ್ತಿರ ಹೋಗಿ ಕೈಮುಗಿದು ಕೇಳಿಕೊಂಡೆ. ಮೋಟರ್ ಆಫ್ ಮಾಡುವ ಮೊದಲು ಅಕ್ಕನ ಫೋನಿಗೆ ಒಂದು ಮಿಸ್ಡ್ ಕಾಲ್ ಕೊಡಿ, ಅವಳು ನಾಬ್ ಇಳಿಸಿ ವಾಪಸ್ ರಿಂಗ್ ಕೊಟ್ಟ ಮೇಲೆ ಸ್ವಿಚ್ ಒತ್ತಿ ಎಂದೆ. ಯಾರೂ ಇಲ್ಲ ಎನ್ನಲಿಲ್ಲ. ನಮ್ಮ ಕಡೆಯ ಜನರ ಬಗ್ಗೆ ನನಗೆ ನೂರು ದೂರುಗಳಿವೆ, ಆದರೆ ಈ ಒಂದು ವಿಷಯಕ್ಕೆ ಅವರೆಲ್ಲರಿಗೂ ಋಣಿ. ಮೂರು ಬೇಸಿಗೆ ಅದು ನಿಯಮದಂತೆ ನಡೆಯಿತು. ಅಕ್ಕನಿಗೆ ಅದೊಂದು ಹುದ್ದೆಯೇ ಆಯಿತು. ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂರುತ್ತಿದ್ದಳು. ರಿಂಗ್ ಆದ ಕೂಡಲೇ ಎದ್ದು, ಯಾವ ಮೋಟರ್ ನಿಂತರೆ ಎಷ್ಟು ಮನೆ, ಎಂದರೆ ಎಷ್ಟು ಗುರುತು, ಇಳಿಸಬೇಕೆಂದು ಲೆಕ್ಕ ಹಾಕಿ ನಾಬ್ ತಿರುಗಿಸುತ್ತಿದ್ದಳು. "ಕೆಳಗಿನ ತೋಟದ್ದು ದೊಡ್ಡ ಮೋಟರು, ಎರಡು ಮನೆ ಇಳಿಸ್ಬೇಕು. ಮೇಲಿನವ್ರದ್ದು ಒಂದು ಸಾಕು" ಎಂದು ನನಗೇ ಪಾಠ ಹೇಳುತ್ತಿದ್ದಳು. ಒಬ್ಬ ಲೈನ್‌ಮ್ಯಾನ್ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾ, "ಅಕ್ಕಾ, ನೀವು ನಮ್ಮ ಸ್ಟೇಷನ್ನಿಗೆ ಬಂದು ಕೂರಿ, ನಾವು ರಜೆ ಹಾಕ್ತೀವಿ" ಎಂದಾಗ ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು.

ಈ ವರ್ಷದ ಫೆಬ್ರವರಿಯಲ್ಲಿ ಅದನ್ನು ಹಾಳು ಮಾಡಿದವನು ನಾನು.

ಪಕ್ಕದ ಎಸ್ಟೇಟಿನವನೊಬ್ಬ ಬೇರೇನೋ ಕೇಳಲು ಅಕ್ಕನಿಗೆ ಫೋನ್ ಮಾಡಿದ್ದ, ಒಂದೇ ರಿಂಗಿಗೆ ಸಿಗ್ನಲ್ ಹೋಗಿತ್ತು. ಅಕ್ಕ ಅದನ್ನು ಮಿಸ್ಡ್ ಕಾಲ್ ಎಂದುಕೊಂಡು ನಾಬ್ ಇಳಿಸಿದಳು. ಮೋಟರುಗಳು ಓಡುತ್ತಲೇ ಇದ್ದವು. ಮಿಷನ್ನಿಗೆ ಕರೆಂಟು ಸಾಲದೆ ಪೀಂ ಪೀಂ ಎಂದು ಕೂಗಿ ನಿಂತಿತು. ಗಾಬರಿಯಲ್ಲಿ ಅವಳಿಗೆ ನಾಬ್ ಯಾವ ಕಡೆ ತಿರುಗಿಸಬೇಕೆಂದೇ ಹೊಳೆಯಲಿಲ್ಲ. ನಾನು ಊಟಕ್ಕೆಂದು ಬಂದಾಗ ಅವಳು ಸ್ಟೂಲನ್ನು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು, ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾಬ್ ಏರಿಸಿದೆ, ಮಿಷನ್ ಎದ್ದಿತು, ಕಾಲು ಗಂಟೆಯಲ್ಲಿ ಅವಳೂ ಸುಧಾರಿಸಿಕೊಂಡಳು. ನನಗೆ ಆಗಿದ್ದು ಹೆದರಿಕೆ, ಬಾಯಿಂದ ಬಂದದ್ದು ಮಾತ್ರ ಸಿಟ್ಟು. ಹತ್ತು ದಿನಗಳಿಂದ ಬೆಳಗಿನ ಜಾವ ಎದ್ದು ಪೈಪ್ ಹೊತ್ತವರ ಹಿಂದೆ ಅಲೆದ ದಣಿವೂ ಅದರಲ್ಲಿ ಸೇರಿಕೊಂಡಿತು.

"ನಿನ್ನ ಕಾಯೋದೇ ನಂಗೊಂದು ಕೆಲಸ ಆಗಿದೆ. ತಿಳಿಯದಿದ್ರೆ ಸುಮ್ನೆ ಕೂರ್ಬೇಕು. ಇನ್ಮೇಲೆ ಅದನ್ನ ಮುಟ್ಬೇಡ. ನನ್ನ ಕೇಳ್ದೆ ಈ ಮನೇಲಿ ಒಂದು ಸ್ವಿಚ್ಚನ್ನೂ ಮುಟ್ಬೇಡ!"

ಸಣ್ಣವನಿದ್ದಾಗ ನಾನು ಹೀಗೆ ಎದುರು ಮಾತಾಡಿದ್ದರೆ ಬೆನ್ನು ಹಣ್ಣಾಗುತ್ತಿತ್ತು. ಅಂದು ಅವಳು ಸೆರಗಿನ ಗಂಟು ಬಿಚ್ಚಿ ಫೋನನ್ನು ತೆಗೆದು ಮಿಷನ್ನಿನ ಮೇಲೆ ಇಟ್ಟಳು ಅಷ್ಟೇ. ನಾನು ಅದೇ ಸಿಟ್ಟಿನಲ್ಲಿ ನಾಲ್ಕೂ ಕಡೆಯವರಿಗೆ ಫೋನ್ ಮಾಡಿ, ಇನ್ನು ಮುಂದೆ ಮಿಸ್ಡ್ ಕಾಲ್ ನನಗೇ ಕೊಡಿ, ನಾನೇ ಮನೆಗೆ ಹೋಗಿ ಇಳಿಸುತ್ತೇನೆ ಎಂದುಬಿಟ್ಟೆ. ಆ ಮೇಲೆ ದಿನಕ್ಕೆ ನಾಲ್ಕೈದು ಸಲ ಹಳ್ಳದಿಂದ ಮನೆಗೆ, ಮನೆಯಿಂದ ಹಳ್ಳಕ್ಕೆ ಬೈಕ್ ಓಡಿಸಿದೆ. ನನ್ನ ಸಿಟ್ಟಿನ ಬಾಡಿಗೆಯನ್ನು ನಾನೇ ಕಟ್ಟುತ್ತಿದ್ದೆ. ಒಂದು ಸಲ "ಅಕ್ಕ, ನೀನೇ ನೋಡ್ಕೋ" ಎಂದಿದ್ದರೆ ಮುಗಿಯುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೇ ದಿನ ಕಳೆದೆ.

ಮಾರ್ಚ್ ಮೊದಲಲ್ಲಿ ಒಂದು ಮಧ್ಯಾಹ್ನ, ಅರ್ಧ ತೋಟಕ್ಕೆ ನೀರು ಹೊಡೆದು ಮುಗಿದಿತ್ತು. ಇನ್ನರ್ಧಕ್ಕೆ ಹಳ್ಳದಲ್ಲಿ ನೀರು ಸಾಲುತ್ತದೋ ಇಲ್ಲವೋ ಎಂದು ಮೇಸ್ತ್ರಿ ಮತ್ತು ನಾನು ಬಗ್ಗಿ ನೋಡುತ್ತಿದ್ದೆವು. ಗುಡ್ಡದ ಹಿಂದಿನಿಂದ ಮೋಡ ಎದ್ದು ಬಂದದ್ದು ಗೊತ್ತಾಗಲೇ ಇಲ್ಲ. ಗುಡುಗಿಲ್ಲ, ಸಿಡಿಲಿಲ್ಲ, ಒಮ್ಮೆಲೇ ದಪ್ಪ ಹನಿಗಳು. ಹೂವಿನ ಹೊತ್ತಿಗೆ ಸರಿಯಾಗಿ ಬರುವ ಮಳೆಯನ್ನು ಕಾಫಿ ಬೆಳೆಯುವವನು ಹೇಗೆ ನೋಡುತ್ತಾನೆಂದು ಹೊರಗಿನವರಿಗೆ ವಿವರಿಸುವುದು ಕಷ್ಟ. ಮೇಸ್ತ್ರಿ ಟವೆಲ್ ಬೀಸಿ ಕೇಕೆ ಹಾಕಿದ. "ಆಫ್ ಮಾಡ್ರೋ ಮೋಟರು! ಪೈಪ್ ಸುತ್ತಿ!" ಎಂದು ಕೂಗಿದವನು ನಾನೇ. ಮೂರು ವರ್ಷ ಊರಿಗೆಲ್ಲ ನಿಯಮ ಹೇಳಿದ ನಾನು ಮನೆಯ ನಾಬ್ ಎಷ್ಟರಲ್ಲಿದೆ ಎಂದು ಒಂದು ಕ್ಷಣವೂ ನೆನೆಯಲಿಲ್ಲ. ಹಳ್ಳದ ಉದ್ದಕ್ಕೂ ಒಂದೊಂದೇ ಮೋಟರಿನ ಸದ್ದು ನಿಂತಿತು. ಮಳೆಯ ಸದ್ದು ಮಾತ್ರ ಉಳಿಯಿತು, ಆ ಸದ್ದಿನಲ್ಲಿ ಕಿಸೆಯ ಫೋನೂ ಕೇಳಿಸದೆ ನಾನು ಅದನ್ನೇ ಸುಖವಾಗಿ ಕೇಳುತ್ತಾ ನಿಂತೆ.

ಅಲ್ಲಿಂದ ನೇರ ಬಂಗಲೆಯ ಅಂಗಳಕ್ಕೆ ಓಡಿದೆ. ಅಲ್ಲಿ ಮಳೆ ಅಳೆಯುವ ಮಾಪಕವಿದೆ. ನಮ್ಮ ಕಡೆ ಮಳೆ ಬಂದರೆ ಮೊದಲ ಪ್ರಶ್ನೆ "ಎಷ್ಟು ಸೆಂಟ್ಸ್ ಬಂತು?" ನೂರು ಸೆಂಟ್ಸ್ ಆದರೆ ಒಂದು ಇಂಚು, ಒಂದು ಇಂಚು ಬಂದರೆ ಹೂವಿಗೆ ಸಾಕು, ಕಡಿಮೆಯಾದರೆ ಹೂ ಅರ್ಧಕ್ಕೇ ನಿಂತು ಕೆಡುತ್ತದೆ. ಮಳೆ ಇನ್ನೂ ಬೀಳುತ್ತಿರುವಾಗಲೇ ಫೋನುಗಳು ಶುರುವಾಗುತ್ತವೆ. ಸಾಹುಕಾರರು ಮಾಡಿದರು. ನಲವತ್ತು ಸರ್, ಬರ್ತಾ ಇದೆ ಸರ್ ಎಂದೆ. ಅವರ ತಮ್ಮ ಮಾಡಿದರು. ಕಳಸದ ಕಡೆಯ ಪರಿಚಯದ ರೈಟರ್ ಒಬ್ಬ ಮಾಡಿ ತಮ್ಮಲ್ಲಿ ಹನಿಯೂ ಇಲ್ಲವೆಂದು ಹೊಟ್ಟೆ ಉರಿಸಿಕೊಂಡ. ಮತ್ತೆ ಸಾಹುಕಾರರು. ಕಿವಿಯಿಂದ ಫೋನ್ ತೆಗೆಯಲಿಲ್ಲ. ಮಾತಿನ ನಡುವೆ ಇನ್ನೊಂದು ಕರೆ ಬರುತ್ತಿದೆ ಎಂದು ಟುಂಯ್ ಟುಂಯ್ ಸದ್ದಾಗುತ್ತಿತ್ತು. ಒಮ್ಮೆ ತೆಗೆದು ನೋಡಿದೆ, ಅಕ್ಕನ ಕರೆ. ಅಂಗಳದಲ್ಲಿ ಕಾಳುಮೆಣಸು ಒಣಗಲು ಹಾಕಿದ್ದೆ. ಮೆಣಸು ನೆನೆಯುತ್ತಿದೆ ಎಂದು ಹೇಳಲು ಮಾಡುತ್ತಿದ್ದಾಳೆ ಎಂದುಕೊಂಡೆ. ಗೊತ್ತು ಮಾರಾಯ್ತಿ, ಬರ್ತೀನಿ ಎಂದು ಮನಸ್ಸಿನಲ್ಲೇ ಹೇಳಿ, "ಎಪ್ಪತ್ತಾಯ್ತು ಸರ್" ಎಂದೆ.

ಸಾಮಾನ್ಯವಾಗಿ ನಾಲ್ಕು ಹನಿ ಬಿದ್ದರೆ ನಮ್ಮಲ್ಲಿ ಕರೆಂಟ್ ಹೋಗುತ್ತದೆ. ಅದಕ್ಕಾಗಿ ನಾವು ಬೈಯದ ದಿನವಿಲ್ಲ. ಅಂದು ಹೋಗಲಿಲ್ಲ. ಹೋಗಿದ್ದರೆ ಮಿಷನ್ ಸುಮ್ಮನೆ ನಿಲ್ಲುತ್ತಿತ್ತು, ಬದುಕುತ್ತಿತ್ತು.

ನೂರ ಹತ್ತು ಸೆಂಟ್ಸ್ ಬರೆದುಕೊಂಡು, ಮೇಸ್ತ್ರಿಗೂ ಆಳುಗಳಿಗೂ ಬಂಗಲೆಯ ಜಗಲಿಯಲ್ಲಿ ಕಾಫಿ ಕೊಡಿಸಿ, ನಾನೂ ಕುಡಿದು ಮನೆಗೆ ಹೊರಟೆ. ಅಂಗಳದಲ್ಲಿ ಮೆಣಸೆಲ್ಲ ನೀರಿನಲ್ಲಿ ತೇಲುತ್ತಿತ್ತು. ಮೆಟ್ಟಿಲ ಮೇಲೆ ಮಡಿಸಿಟ್ಟ ಟಾರ್ಪಾಲು ಹಾಗೆಯೇ ಇತ್ತು. "ಒಂದು ಟಾರ್ಪಾಲ್ ಎಳೆಯೋಕೂ ಆಗ್ಲಿಲ್ವೇನೇ ನಿಂಗೆ?" ಎನ್ನುತ್ತಲೇ ಒಳಗೆ ಕಾಲಿಟ್ಟೆ. ಸುಟ್ಟ ವಾರ್ನಿಷ್ ವಾಸನೆ ಮೂಗಿಗೆ ಹೊಡೆಯಿತು. ಮಿಷನ್ನಿನ ಹಿಂಭಾಗ ಕಪ್ಪಗಾಗಿತ್ತು. ಅಕ್ಕ ಮೂಲೆಯಲ್ಲಿದ್ದ ಸಿಲಿಂಡರಿಗೆ ಒರಗಿ ಕೂತಿದ್ದಳು. ಆಪತ್ತಿಗಿರಲಿ ಎಂದು ಇಟ್ಟಿದ್ದ ಸಿಲಿಂಡರ್ ಅದು. ಸ್ಪ್ಯಾನರ್ ಅವಳ ಕೈಯಲ್ಲೇ ಇತ್ತು. ಸೋರಬಾರದೆಂದು ನಾನು ಬಿಗಿದಿದ್ದ ವಾಲ್ವನ್ನು ತಿರುಗಿಸಲು ಅವಳಿಗೆ ಶಕ್ತಿ ಸಾಲಲಿಲ್ಲ. ಕಣ್ಣು ತೆರೆದಿತ್ತು, ನನ್ನನ್ನು ನೋಡುತ್ತಿದ್ದಳು, ಮಾತು ಹೊರಡುತ್ತಿರಲಿಲ್ಲ. ಸ್ಪ್ಯಾನರ್ ತೆಗೆದುಕೊಂಡು ವಾಲ್ವ್ ತೆಗೆದು ನಳಿಗೆಯನ್ನು ಅದಕ್ಕೆ ಸಿಕ್ಕಿಸಿದೆ. ಮೇಸ್ತ್ರಿ ಜೀಪ್ ತಂದ. ಚಿಕ್ಕಮಗಳೂರಿನ ತನಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ದೇವರಿಗೆ ಹರಕೆ ಹೇಳಿಕೊಳ್ಳಲೂ ನಾಚಿಕೆಯಾಯಿತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಫೋನ್ ತೆಗೆದು ನೋಡಿದೆ. ಪಕ್ಕದ ಎಸ್ಟೇಟಿನವರದು ಎರಡು ಮಿಸ್ಡ್ ಕಾಲ್, ಕೆಳಗಿನವರದು ಒಂದು, ಉಳಿದಿಬ್ಬರದೂ ಒಂದೊಂದು. ಅವರು ತಮ್ಮ ಮಾತು ಉಳಿಸಿಕೊಂಡಿದ್ದರು. ನನ್ನಿಂದ ವಾಪಸ್ ರಿಂಗ್ ಬಾರದ್ದನ್ನು ನೋಡಿ, ಸುರಿಯುವ ಮಳೆಯಲ್ಲಿ ಎಷ್ಟೆಂದು ಕಾದಾರು, ಆಫ್ ಮಾಡಿದ್ದರು. ಅಕ್ಕನದು ಆರು ಕರೆ. ಮೊದಲನೆಯ ಎರಡು, ಮಳೆ ಶುರುವಾದ ಮೊದಲ ನಿಮಿಷಗಳಲ್ಲೇ ಬಂದಿದ್ದವು. ಅಷ್ಟು ಬೇಗ ಯಾಕೆ ಮಾಡಿದಳೆಂದು ನನಗೆ ಅರ್ಥವಾಗಲಿಲ್ಲ. ಮಿಷನ್ ಸುಟ್ಟ ಮೇಲೆ ಮಾಡಿರಬೇಕಲ್ಲವೇ?

ಮೂರನೆಯ ದಿನ ಅವಳಿಗೆ ಮಾತಾಡಲು ಬಂತು. ನಾನೇ ಕೇಳಿದೆ.

"ಮುಳ್ಳು ಏರ್ತಾ ಇತ್ತು ಮಾರಾಯ" ಎಂದಳು, ಎರಡೆರಡು ಶಬ್ದಕ್ಕೆ ನಿಲ್ಲುತ್ತಾ. "ಒಂದು ಮೋಟರ್ ನಿಂತಾಗ್ಲೇ ಗೊತ್ತಾತು ನಂಗೆ. ಬಲ್ಬು ಬೆಳ್ಳಗಾತು. ನಾಬ್ ಇಳಿಸ್ಲಾ ಅಂತ ಕೇಳೋಕೆ ಮಾಡ್ದೆ."

"ಇಳಿಸ್ಬಾರ್ದಿತ್ತಾ ಅಕ್ಕ, ಕೇಳೋದೆಂತಕೆ?"

"ಕೇಳ್ದೆ ಮುಟ್ಬೇಡ ಅಂದಿದ್ಯಲ್ಲ" ಎಂದಳು. ಅದರಲ್ಲಿ ಚುಚ್ಚುವ ಧ್ವನಿ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ನಾನು ತಿರುಗಿ ಏನಾದರೂ ಹೇಳಬಹುದಿತ್ತು. ಎದ್ದು ಹೊರಗೆ ಹೋಗಿ, ನಲ್ಲಿಯ ಹತ್ತಿರ ಮುಖ ತೊಳೆಯುವವನಂತೆ ಬಹಳ ಹೊತ್ತು ನಿಂತೆ. ಐವತ್ತು ದಾಟಿದ ಗಂಡಸು ಆಸ್ಪತ್ರೆಯ ನಲ್ಲಿಯ ಮುಂದೆ ಅತ್ತರೆ ಯಾರೂ ಏನೂ ಕೇಳುವುದಿಲ್ಲ, ಅಲ್ಲಿ ಎಲ್ಲರೂ ಅದಕ್ಕೇ ಬಂದಿರುತ್ತಾರೆ.

ಒಂಬತ್ತು ದಿನಕ್ಕೆ ಮನೆಗೆ ಕರೆತಂದೆ. ಅಷ್ಟರಲ್ಲಿ ತೋಟವೆಲ್ಲ ಹೂವಾಗಿತ್ತು. ಆ ವಾಸನೆಗೆ ಜನ ದೂರದಿಂದ ಕಾರು ಮಾಡಿಕೊಂಡು ಬರುತ್ತಾರೆ, ನನಗೆ ತಲೆನೋವು ಬಂತು. ಸಾಹುಕಾರರು ಹೊಸ ಮಿಷನ್ ಕಳಿಸಿದ್ದರು, ಜೊತೆಗೆ ಒಳ್ಳೆಯ ಸ್ಟೆಬಿಲೈಜರು, ದೊಡ್ಡ ಬ್ಯಾಟರಿಯ ಇನ್ವರ್ಟರು. ಲೈನ್‌ಮ್ಯಾನ್ ಬಂದು ಎಲ್ಲ ಜೋಡಿಸಿಕೊಟ್ಟ. ಹಳೆಯ ಬೂಸ್ಟರನ್ನು ತಲೆಕೆಳಗು ಮಾಡಿ ನೋಡಿ, "ಇದರದ್ದೆಂತ ತಪ್ಪು ಸರ್? ಹೇಳಿದ್ದಷ್ಟು ಮಾಡ್ಯದೆ" ಎಂದ. ಅದನ್ನು ನಾನೇ ಹೊತ್ತುಕೊಂಡು ಹೋಗಿ ಗುಜರಿಯವನ ಗಾಡಿಗೆ ಹಾಕಿ ಬಂದೆ. ಈಗ ನಮ್ಮ ಮನೆಯಲ್ಲಿ ತಿರುಗಿಸಲು ನಾಬ್ ಇಲ್ಲ, ನೋಡಲು ಮುಳ್ಳಿಲ್ಲ. ಮೋಟರುಗಳು ಏಳಲಿ, ಬೀಳಲಿ, ಮಿಷನ್ ತನ್ನ ಪಾಡಿಗೆ ಓಡುತ್ತದೆ. ಇಷ್ಟು ಸುಲಭವಿತ್ತೇ ಎಂದು ಯೋಚಿಸಿದಾಗಲೆಲ್ಲ ಇನ್ನಷ್ಟು ಸುಸ್ತಾಗುತ್ತದೆ.

ಅಕ್ಕನಿಗೆ ಈಗ ಮೊದಲಿಗಿಂತ ದುಪ್ಪಟ್ಟು ಆಮ್ಲಜನಕ ಬೇಕು. ಮೆಟ್ಟಿಲಿನ ತನಕ ಬರುವುದಿಲ್ಲ, ದೋಸೆ ನಾನೇ ಹೊಯ್ಯುತ್ತೇನೆ, ಒಂದೂ ಕಾವಲಿಯಿಂದ ಸರಿಯಾಗಿ ಏಳುವುದಿಲ್ಲ. ಅದಕ್ಕೆ ಅವಳು ನಗುವುದೂ ಇಲ್ಲ, ಬೈಯುವುದೂ ಇಲ್ಲ. ಎಲ್ಲದಕ್ಕೂ ಕೇಳುತ್ತಾಳೆ. ಫ್ಯಾನ್ ಹಾಕ್ಲಾ, ಕಿಟಕಿ ತೆಗೀಲಾ, ಬಿಸಿನೀರು ಕುಡೀಲಾ. ಕೇಳಬೇಡ ಅಕ್ಕ ಎಂದು ಕೈ ಹಿಡಿದು ಹೇಳಿದ್ದೇನೆ, ತಪ್ಪಾಯಿತು ಎಂದು ಕಾಲಿಗೂ ಬಿದ್ದಿದ್ದೇನೆ. "ಎಂತ ತಪ್ಪು ಮಾರಾಯ, ಏಳು" ಎಂದು ತಲೆ ಸವರಿದಳು. ಮರುದಿನ ಮತ್ತೆ ಕೇಳಿದಳು.

ಮೊನ್ನೆ ಗೋಣಿಬೀಡಿನಲ್ಲಿ ಔಷಧಿ ತೆಗೆದುಕೊಂಡು ಬರುವುದು ಅರ್ಧ ಗಂಟೆ ತಡವಾಯಿತು. ದಾರಿಯುದ್ದಕ್ಕೂ ಸಾಹುಕಾರರ ಜೊತೆ ಫೋನಿನಲ್ಲಿದ್ದೆ. ಬಂದಾಗ ಮುಸ್ಸಂಜೆ ಕಳೆದು ಮನೆ ಕತ್ತಲೆಯಾಗಿತ್ತು. ಕರೆಂಟ್ ಹೋಗಿದೆ ಎಂದುಕೊಂಡು ಒಳಗೆ ಓಡಿದೆ. ಹೋಗಿರಲಿಲ್ಲ. ಮಿಷನ್ ಓಡುತ್ತಿತ್ತು. ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿ, ಸ್ವಿಚ್‌ಬೋರ್ಡಿನ ಕೆಳಗೇ ಕೂತಿದ್ದಳು.

"ಲೈಟ್ ಹಾಕ್ಬಾರ್ದಿತ್ತಾ ಅಕ್ಕ?"

"ನಿಂಗೆ ಫೋನ್ ಮಾಡ್ದೆ ಮಾರಾಯ" ಎಂದಳು. "ಬ್ಯುಸಿ ಬಂತು."